ಒಳಗೆ ಬಿಡಬೇಕಿದ್ದ ಬಟ್ಟೆ

ತಂಗಿ ಅಕ್ಕನ ನೀಲಿ ಕೋಟಿನ ಪಕ್ಕದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಳು. ಅವಳ ಹೊಲಿಗೆ ಅಂಗಡಿಯ ಮಿಷನ್ನು ನಿಂತಿತ್ತು. ಅಕ್ಕ ಕಿಟಕಿಯ ಬಳಿ ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತಿದ್ದಳು. ತಂಗಿ ಎಳೆಗಳನ್ನು ಕಿತ್ತು ಮೊಣಕಾಲ ಮೇಲಿಟ್ಟುಕೊಂಡು, ಬಿಚ್ಚಿದ ಕಡೆ ಬೆರಳಾಡಿಸಿದಳು. ಹಿಡಿಯಲು ಏನೂ ಸಿಗಲಿಲ್ಲ. ಸಿಗುವುದಿಲ್ಲವೆಂದು ಗೊತ್ತೇ ಇತ್ತು. ಒಳಗಿದ್ದ ಮಿಕ್ಕ ಬಟ್ಟೆಯನ್ನು ಕತ್ತರಿಸಿ ಎಸೆದವಳು ಅವಳೇ.

ಅಕ್ಕ ಹೋಟೆಲೊಂದರಲ್ಲಿ ಬಂದವರಿಗೆ ರೂಮಿನ ಕೀಲಿ ಕೊಡುವ ಕೆಲಸಕ್ಕಿದ್ದಳು. ಸಕ್ಕರೆ ಕಾಯಿಲೆಗೆಂದು ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಕೊಟ್ಟ ಮೇಲೆ ಸಕ್ಕರೆ ಹಿಡಿತಕ್ಕೆ ಬಂತು, ಮೈಯೂ ನಿಧಾನವಾಗಿ ಇಳಿಯಿತು. ಕೋಟು ಸಡಿಲವಾದಾಗಲೆಲ್ಲ ತಂಗಿ ಪಕ್ಕದ ಹೊಲಿಗೆ ಹಿಡಿದು ಕೊಡುತ್ತಿದ್ದಳು. ಮುಂದೆ ಬಿಚ್ಚಿ ಸಡಿಲಿಸಬೇಕಾದೀತೆಂದು, ಕಸುಬಿನ ರೂಢಿಯಂತೆ ಮಿಕ್ಕ ಬಟ್ಟೆಯನ್ನು ಒಳಗೇ ಮಡಚಿ ಬಿಡುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಇಸ್ತ್ರಿ ಅಂಗಡಿಯ ಗುಂಡಕ್ಕ ಹೊಸದಾಗಿ ಬಂದ ಬೇರೊಂದು ಇಂಜೆಕ್ಷನ್ ಶುರು ಮಾಡಿ, ನೋಡನೋಡುತ್ತಿದ್ದಂತೆ ಅರ್ಧ ಆದಳು.

"ಇನ್ಮೇಲೆ ಯಾರಾದ್ರೂ ಗುಂಡಕ್ಕ ಅಂತ ಕರೆದ್ರೆ ನಾಲಿಗೆಗೇ ಇಸ್ತ್ರಿ ಹಾಕ್ತೀನಿ ನೋಡಿ," ಎಂದು ನಗುತ್ತಿದ್ದಳು.

ತಂಗಿಯ ತಲೆಗೆ ಹುಳ ಹೊಕ್ಕಿತು.

"ಅಕ್ಕಾ, ನಿನ್ ಇಂಜೆಕ್ಷನ್ನು ಮೈಯಲ್ಲಿರೋ ಒಂದೇ ಹಾರ್ಮೋನಿನ ಥರ ಕೆಲಸ ಮಾಡುತ್ತಂತೆ. ಅವಳದ್ದು ಎರಡರ ಥರ. ನೀನ್ಯಾಕೆ ಹಳೇದಕ್ಕೇ ಜೋತುಬಿದ್ದಿದೀಯ?"

"ನಂಗಿದು ಒಗ್ಗಿದೆ ಕಣೇ."

"ಒಗ್ಗಿದ್ರೆ ಸಾಕಾ? ಬಸವನಹುಳದ ಥರ ಇಳೀತಾ ಇದೀಯ."

ಡಾಕ್ಟರ ಹತ್ತಿರವೂ ಅವಳೇ ಎಳೆದುಕೊಂಡು ಹೋದಳು. "ಹೊಸದರಲ್ಲಿ ಸಾಮಾನ್ಯವಾಗಿ ತೂಕ ಜಾಸ್ತಿ ಇಳಿಯುತ್ತೆ, ನಿಜ," ಎಂದರು ಡಾಕ್ಟರು. "ಆದ್ರೆ ಇವರ ಸಕ್ಕರೆ ಚೆನ್ನಾಗಿದೆ, ಬದಲಾಯಿಸಲೇಬೇಕು ಅಂತೇನಿಲ್ಲ. ಬದಲಾಯಿಸೋದಾದ್ರೆ ಸಣ್ಣ ಡೋಸಿಂದ ಶುರು ಮಾಡೋಣ. ಹೊಟ್ಟೆ ತೊಳಸಿದ್ರೆ ಬಂದು ಹೇಳಿ. ನೀವಾಗೇ ನಿಲ್ಲಿಸ್ಬೇಡಿ."

ಅಕ್ಕ ತಂಗಿಯ ಮುಖ ನೋಡಿದಳು. "ಬದಲಾಯಿಸಿ ಡಾಕ್ಟ್ರೇ," ಎಂದವಳು ತಂಗಿ.

ಅವತ್ತು ಸಂಜೆಯೇ ಅವಳು ಕೋಟಿನ ಒಳಗಿನ ಬಟ್ಟೆಯನ್ನು ಕಚಕಚ ಕತ್ತರಿಸಿದಳು. "ಇನ್ನು ಹಿಂದಕ್ಕೆ ಹೋಗೋ ಮಾತೇ ಇಲ್ಲ," ಎಂದು ಚಿಂದಿಯನ್ನು ಅಕ್ಕನ ಕಣ್ಣೆದುರೇ ಕಸದ ಬುಟ್ಟಿಗೆ ಹಾಕಿದಳು. ಅಕ್ಕ ನಕ್ಕಳೋ, ನಕ್ಕ ಹಾಗೆ ಮಾಡಿದಳೋ, ತಂಗಿ ಸರಿಯಾಗಿ ನೋಡಿರಲಿಲ್ಲ.

ಹೊಸದು ಅಕ್ಕನಿಗೆ ಆಗಿಬರಲಿಲ್ಲ. ಕೀಲಿ ಕೊಡುತ್ತ ಕೊಡುತ್ತಲೇ ವಾಂತಿ ಬಂದು ಬಾಯಿ ಮುಚ್ಚಿಕೊಂಡು ಒಳಗೆ ಓಡಿದ್ದಳಂತೆ. ಡಾಕ್ಟರಿಗೆ ಹೇಳಲಿಲ್ಲ, ತಂಗಿಗೂ ಹೇಳಲಿಲ್ಲ. ಹೊಸದನ್ನು ಬಿಟ್ಟಳು, ಹಳೆಯದಕ್ಕೂ ಮರಳಲಿಲ್ಲ. ಕೇಳಿದರೆ "ತಗೋತಿದೀನಲ್ಲ" ಎಂದು ಸುಮ್ಮನಾಗಿಸುತ್ತಿದ್ದಳು. ಇಳಿದ ಮೈ ಮತ್ತೆ ತುಂಬಿತು, ಸಕ್ಕರೆ ಏರಿತು. ಇವತ್ತು ಕೋಟಿನ ಗುಂಡಿ ಹಾಕಲಾಗದೆ ಬಂದು ನಿಂತಾಗಲೇ ಎಲ್ಲ ಹೊರಬಿದ್ದದ್ದು.

"ಯಾಕಕ್ಕಾ ಹೇಳ್ಲಿಲ್ಲ?" ಎಂದು ತಂಗಿ ಈಗ ಕೇಳಿದಳು.

"ಹೇಳಿದ್ರೆ ಗುಂಡಕ್ಕನ್ನ ನೋಡಿ ಕಲಿ ಅಂತಿದ್ದೆ ನೀನು."

ಅಂತಿದ್ದಳು. ಖಂಡಿತ ಅಂತಿದ್ದಳು. ಗುಂಡಕ್ಕನ ಇಂಜೆಕ್ಷನ್ ಒಗ್ಗಿದ್ದು ಗುಂಡಕ್ಕನ ಮೈಗೆ. ಅಳತೆ ತೆಗೆಯದೆ ಯಾರಿಗೂ ಬಟ್ಟೆ ಹೊಲಿಯದವಳು, ಇದೊಂದರಲ್ಲಿ ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ಹಾಕಿದ್ದಳು.

ಕಂಕುಳ ಕೆಳಗೆ ಬೇರೆ ಬಟ್ಟೆಯ ಒಂದು ಪಟ್ಟಿ ಕೂಡಿಸಬಹುದು. ಬಣ್ಣ ಹೊಂದುವುದಿಲ್ಲ, ಆದರೆ ಕೈ ಇಳಿಸಿದರೆ ಕಾಣುವುದಿಲ್ಲ. ತಂಗಿ ಟೇಪು ಹಿಡಿದು ಅಕ್ಕನ ಹಿಂದೆ ಹೋಗಿ ನಿಂತಳು.

"ಕೋಟು ಹೇಗೋ ಸರಿ ಮಾಡ್ತೀನಿ," ಎಂದಳು.

ತಂಗಿ ಟೇಪನ್ನು ಅಕ್ಕನ ಸೊಂಟದ ಸುತ್ತ ಹಾಕಿದಳು.

"ಡಾಕ್ಟರ ಹತ್ರ ಈ ಸಲ ನಾನು ಬಾಯಿ ಬಿಡಲ್ಲ. ನೀನೇ ಮಾತಾಡು."

ಇಸ್ತ್ರಿ ಅಂಗಡಿಯಿಂದ ಗುಂಡಕ್ಕನ ನಗು ಕೇಳಿಸಿ ನಿಂತಿತು.

"ನಾಳೆ ನನ್ ಜೊತೆ ಬಾ ಅಕ್ಕಾ."