ಎಡೆ ತೋರಿಸಿದ ಹಾಲು

“ರಾತ್ರಿಯಿಂದ ಏನೂ ತಿಂದಿಲ್ಲಲ್ಲ ಆಯಿ? ಚಹಾ, ನೀರು?”

“ಏನೂ ಇಲ್ಲವ್ವಾ. ಉಪಾಸನೇ ಇದ್ದೀನಿ,” ಎಂದಳು ಕಸ್ತೂರಿಬಾಯಿ.

ನರ್ಸ್ ಸರಿತಾ ಅವಳ ಮುಂಗೈಗೆ ಸೂಜಿ ಚುಚ್ಚಿ, ಪಟ್ಟಿ ಅಂಟಿಸಿ, ಪಕ್ಕದ ಮಂಚಕ್ಕೆ ಹೋದಳು. ಹುಮನಾಬಾದಿನ ಆಸ್ಪತ್ರೆಯ ಹಸಿರು ಅಂಗಿಯೊಳಗೆ ಕಸ್ತೂರಿಬಾಯಿಗೆ ತನ್ನ ಮೈ ಬೇರೆ ಯಾರದೋ ಅನಿಸಿತು. ಗರ್ಭಚೀಲ ಜಾರಿ ಎಷ್ಟೋ ಕಾಲವಾಗಿತ್ತು. ಕೂತರೆ ಒತ್ತುತ್ತಿತ್ತು, ನಡೆದರೆ ಭಾರ. ಮಗ ಗುರುಲಿಂಗನಿಗೆ ಹೇಳುವ ಮಾತಲ್ಲ. ಸೊಸೆಗೆ ಹೇಳಿದರೆ ಮಗನಿಗೆ ಹೇಳಿದಂತೆಯೇ. ಬಸವಕಲ್ಯಾಣದ ಬಳಿಯ ತನ್ನೂರು ನಾರಾಯಣಪುರದಲ್ಲಿ ಹೆಂಗಸರು ಸೋಮವಾರ ವಚನ ಹಾಡಲು ಕೂಡುವಲ್ಲಿಗೆ, ಸೀರೆ ಒದ್ದೆಯಾದೀತೆಂಬ ಹೆದರಿಕೆಗೆ, ಹೋಗುವುದನ್ನೇ ಬಿಟ್ಟಿದ್ದಳು. ಮನೆಯಲ್ಲಿ ಒಬ್ಬಳೇ ಹಾಡಿದರೆ ಎರಡನೆಯ ಸಾಲು ಎತ್ತಿಕೊಳ್ಳುವವರು ಯಾರೂ ಇರುತ್ತಿರಲಿಲ್ಲ.

ಆಪರೇಷನ್ನಿಗೆ ಜೊತೆಗೊಬ್ಬ ಹೆಣ್ಣುಮಗಳು ಇರಲೇಬೇಕೆಂದು ಹಿಂದೊಮ್ಮೆ ಅವಳನ್ನು ತಿರುಗಿ ಕಳಿಸಿದ್ದರು. ಕಡೆಗೆ ಮಗ್ಗುಲ ಮನೆಯ ವಜೀರಬಿ ತಾನಾಗಿಯೇ ಕೇಳಿ ತಿಳಿದು ಜೊತೆಗೆ ಬಂದಿದ್ದಳು. ಅವಳೂ ಇನ್ನೊಂದು ವಾರದಲ್ಲಿ ಮಗಳ ಬಾಣಂತನಕ್ಕೆಂದು ಸೊಲ್ಲಾಪುರಕ್ಕೆ ಹೊರಡುವವಳು.

ಪಕ್ಕದ ಮಂಚದವಳಿಗೆ ಸರಿತಾ ತಾಕೀತು ಮಾಡುತ್ತಿದ್ದಳು: “ಒಂದು ಗುಟುಕು ಹಾಲು ಹೊಟ್ಯಾಗಿದ್ರೂ ಮತ್ತಿನಾಗ ಅದು ಉಸಿರಿನ ದಾರಿಗೆ ಬರ್ತದ. ಜೀವಾನೇ ಹೋಗ್ತದ. ನಮ್ಮ ಮುಂದ ಸುಳ್ಳ ಹೇಳಿ ಏನ್ ಇನಾಮು ತಗೋತೀರಿ?”

ಕಸ್ತೂರಿಬಾಯಿಯ ಕೈ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ನಸುಕಿನಲ್ಲೇ ಆಸ್ಪತ್ರೆಯ ಬಚ್ಚಲಲ್ಲಿ ಮಿಂದು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಹೊರಗಿನ ಹೋಟೆಲಿನಿಂದ ತಂದ ಬಟ್ಟಲು ಹಾಲನ್ನು ಎಡೆ ತೋರಿಸಿ, ಎಂದಿನಂತೆ ಪ್ರಸಾದವೆಂದು ತೆಗೆದುಕೊಂಡಿದ್ದಳು. ಅದನ್ನು ಕುಡಿದದ್ದೆಂದು ಅವಳು ಯಾವತ್ತೂ ತಿಳಿದವಳಲ್ಲ. ಉಪವಾಸದ ದಿನವೂ ಅದು ಒಳಗೆ ಹೋಗುತ್ತಿತ್ತು. ಉಪವಾಸ ಉಪವಾಸವಾಗಿಯೇ ಉಳಿಯುತ್ತಿತ್ತು.

ಗಾಲಿಮಂಚ ಬಂದು ನಿಂತಿತು.

“ನಾ ಪ್ರಸಾದ ತಗೊಂಡೀನವ್ವಾ,” ಎಂದಳು.

“ಏನ್ ಪ್ರಸಾದ?”

ಆ ಮಾತು ಬಾಯಿಗೆ ಬರಲು ಹೊತ್ತು ಹಿಡಿಯಿತು. “ಹಾಲು. ಹಾಲು ಕುಡದೀನಿ.”

ಸರಿತಾ ಬೈಯಲಿಲ್ಲ. ಒಳಗೆ ಹೋಗಿ ಕೇಳಿ ಬಂದಳು. ಮತ್ತಿನ ಮದ್ದು ಕೊಡುವ ಡಾಕ್ಟರು ಪರ ಊರಿನವರು, ತಿಂಗಳಿಗೊಮ್ಮೆ ಬಂದು ಮಧ್ಯಾಹ್ನವೇ ಹೊರಟುಬಿಡುವವರು. “ಮುಂದಿನ ತಿಂಗಳ ಬರ್ರಿ ಆಯಿ,” ಎನ್ನುತ್ತ ಸೂಜಿ ತೆಗೆದಳು. “ಜೋಡಿಗೆ ಯಾರನ್ನರ ಕರಕೊಂಡೇ ಬರ್ರಿ ಮತ್ತ.”

ಹೊರಗೆ ಕಾಯುತ್ತಿದ್ದ ವಜೀರಬಿ ಹಣೆ ಬಡಿದುಕೊಂಡಳು. “ಅಯ್ಯ ಅಕ್ಕಾ, ನಿಮ್ಮ ದೇವರು ಒಂದಿನ ಹಾಲು ಬಿಟ್ಟಿದ್ರ ಸೊರಗತಿದ್ನೇನು?”

ಕಸ್ತೂರಿಬಾಯಿ ನಕ್ಕಳು. “ಅಂವಗರ ನನ್ನ ಬಿಟ್ಟು ಯಾರದಾರವ್ವಾ?”

ಬಸವಕಲ್ಯಾಣದ ಬಸ್ಸಿನಲ್ಲಿ ಸೀಟುಗಳು ಖಾಲಿ ಇದ್ದವು. ವಜೀರಬಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಕಸ್ತೂರಿಬಾಯಿ ಕಂಬಿ ಹಿಡಿದು ನಿಂತೇ ಇದ್ದಳು.

“ಕೂಡ್ರಿ ಆಯಿ, ಇಷ್ಟು ಜಾಗ ಅದಲ್ಲ,” ಎಂದ ಕಂಡಕ್ಟರ್.

“ಇರ್ಲಿ ಬಿಡಪ್ಪಾ. ಇಲ್ಲೇ ಮುಂದ ಇಳಿಯಾಕಿ.”

ಹೊರಗೆ ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಬಸ್ಸು ಆಗಷ್ಟೇ ಹುಮನಾಬಾದ್ ದಾಟಿತ್ತು.