ನೀರು ಇಳಿಯದ ಗೇಮು

ನನ್ನ ಮಗ ಸಂಜುವಿನ ಪ್ರಕಾರ ಈ ಜಗತ್ತಿನಲ್ಲಿ ಕೆಟ್ಟುಹೋಗಿದ್ದದ್ದು ಎರಡೇ: ಕಂಪ್ಯೂಟರ್ ಗೇಮುಗಳು, ಮತ್ತು ಆ ಗೇಮುಗಳನ್ನು ಇಟ್ಟುಕೊಂಡು ತೆಗೆಯುವ ಸಿನಿಮಾಗಳು. ನಮ್ಮ ಬಚ್ಚಲಿನ ನಳ ಮೂರು ತಿಂಗಳಿಂದ ಸೋರುತ್ತಿದ್ದದ್ದು ಅವನ ಪಟ್ಟಿಯಲ್ಲಿರಲಿಲ್ಲ.

ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ದಿನವಿಡೀ ಕೂತು, ಬನಹಟ್ಟಿಯ ಮನೆಗೆ ಬಂದು ನಾನು ರೊಟ್ಟಿ ಬಡಿಯಲು ಶುರುಮಾಡಿದರೆ ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಗಿತ್ತು. ನೌಕರಿ ಇರಲಿಲ್ಲ, ಅಭಿಪ್ರಾಯಗಳಿದ್ದವು.

"ಈಗಿನ ಗೇಮ್ ಅಂದ್ರ ಅರ್ಧಾ ಬೆಂದ ರೊಟ್ಟಿ, ಮಮ್ಮಿ. ಮೊದಲ ಮಾರತಾರ, ಆಮ್ಯಾಲ ಬೇಯಸ್ತಾರ. ಆರು ತಿಂಗಳ ಬಿಟ್ಟು ಅಪ್‌ಡೇಟ್ ಅಂತ ಇನ್ನೊಂದ ಮಗ್ಗಲಾ ಸುಟ್ಟು ಕಳಸ್ತಾರ."

"ಹಂಗಾರ ಆರು ತಿಂಗಳ ತಡದು ತಗೋ."

"ನಿನಗ ತಿಳಿಯಾಂಗಿಲ್ಲ ಬಿಡು. ಎಲ್ಲಾ ಗೇಮಿನಾಗೂ ಈಗ ಒಂದ ದೊಡ್ಡ ನಕಾಶೆ ಇರತೈತಿ. ಅದರಾಗ ನಾನೂರು ಗುರ್ತು. ಇಲ್ಲಿಂದ ತಗೊಂಡು ಅಲ್ಲಿ ಕೊಡು, ಅಲ್ಲಿಂದ ತಗೊಂಡು ಇಲ್ಲಿ ಕೊಡು. ಅದ ಕೆಲಸ."

"ನಮ್ಮ ಪೋಸ್ಟ್‌ಮನ್ ಈಶ್ವರಪ್ಪ ಮೂವತ್ತು ವರ್ಷ ಅದನ್ನ ಆಡ್ಯಾನ," ಎಂದೆ. ಅವನು ನಗಲಿಲ್ಲ.

ಮೊಬೈಲ್ ಗೇಮುಗಳ ಹೆಸರೆತ್ತಿದರಂತೂ ಮುಗಿಯಿತು. ಅವು ಬಸ್ ಸ್ಟ್ಯಾಂಡಿನ ಚುರಮುರಿಯಂತೆ. ಆಡುವವರು ಗೇಮರ್‌ಗಳೇ ಅಲ್ಲವಂತೆ. ಎರಡು ನಿಮಿಷಕ್ಕೊಂದು ಜಾಹೀರಾತು ತೋರಿಸುವವರನ್ನು ಹೊಳೆಗೆ ನೂಕಬೇಕಂತೆ. ಇದನ್ನೆಲ್ಲ ಅವನು ತನ್ನ ಯೂಟ್ಯೂಬ್ ಚಾನೆಲ್ಲಿನಲ್ಲೂ ಹೇಳುತ್ತಿದ್ದ. ಅಲ್ಲಿ ಅವನಿಗೆ ನಾನೂರ ಹನ್ನೊಂದು ಕೇಳುಗರಿದ್ದರು. ಅದರಲ್ಲಿ ಒಬ್ಬಳು ನಾನು.

ದೀಪಾವಳಿಯಲ್ಲಿ ನನ್ನನ್ನೂ ಜಮಖಂಡಿಗೆ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದ. ಅವನು ಪ್ರಾಣ ಬಿಡುವ ಗೇಮೊಂದನ್ನು ಸಿನಿಮಾ ಮಾಡಿದ್ದರು. ಗೇಮಿನಲ್ಲಿ ನಾಯಕ ಮೂವತ್ತು ತಾಸು ಹಿಮದಲ್ಲಿ ಒಬ್ಬನೇ ನಡೆಯುತ್ತಾನಂತೆ, ಒಂದು ಮಾತೂ ಆಡುವುದಿಲ್ಲವಂತೆ. ಸಿನಿಮಾದಲ್ಲಿ ಅವನಿಗೆ ನಿಶ್ಚಯವಾದ ಹುಡುಗಿ, ತಮಾಷೆ ಮಾಡುವ ಗೆಳೆಯ, ಹಾಸಿಗೆ ಹಿಡಿದ ತಾಯಿ ಎಲ್ಲರೂ ಇದ್ದರು. ಅವನ ಬಾಯಿ ಒಂದು ಗಳಿಗೆಯೂ ಮುಚ್ಚಲಿಲ್ಲ. ಸಂಜು ಉದ್ದಕ್ಕೂ ಹಲ್ಲು ಕಡಿದ. "ಇವರು ಒಮ್ಮಿ ಆದ್ರೂ ಆ ಗೇಮ್ ಆಡ್ಯಾರೇನು? ಮೂಲಕ್ಕ ಒಂದ ಮರ್ಯಾದಿ ಬ್ಯಾಡೇನು?" ನನಗೆ ಸಿನಿಮಾ ಹಿಡಿಸಿತು. ಏಸಿಯಲ್ಲಿ ನಲವತ್ತು ನಿಮಿಷ ಒಳ್ಳೆಯ ನಿದ್ದೆ ಬಂತು.

ಇಂಥವನು ಯುಗಾದಿಯ ಹೊತ್ತಿಗೆ ತಾನೇ ಒಂದು ಗೇಮು ಮಾಡಲು ಕೂತ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿ ಸ್ಪರ್ಧೆ ಇಟ್ಟಿತ್ತು: ಊರಿನ ಹಾಡು-ಕಥೆಯಿಂದ ಒಂದು ಗೇಮು ಮಾಡಬೇಕು, ಹಾಡು ಮೂಲ ಹಾಡುಗಾರನ ದನಿಯಲ್ಲೇ ಇರಬೇಕು, ಅವನ ಒಪ್ಪಿಗೆಯ ಸಹಿ ಇರಬೇಕು. ಗೆದ್ದವರಿಗೆ ನೌಕರಿ, ಮನೆಯಿಂದಲೇ ಕೆಲಸ. ಅದು ಮೊಬೈಲ್ ಗೇಮು ಎಂಬುದನ್ನು ಸಂಜು ನನಗೆ ತಡವಾಗಿ, ಬೇರೆ ಕಡೆ ನೋಡುತ್ತ ಹೇಳಿದ.

ಹಾಡು ಮನೆಯಲ್ಲೇ ಇತ್ತು. ನಮ್ಮಪ್ಪ ಅಮಸಿದ್ದಪ್ಪ ಗಲಗಲಿಯವರು. ಅರವತ್ತು ವರ್ಷ ಕುರಿ ಕಾಯ್ದವರು, ಬೀರೇಶ್ವರನ ಗುಡಿಯ ಡೊಳ್ಳಿನ ಮೇಳದಲ್ಲಿ ಮುಂದೆ ನಿಂತು ಹಾಡುವವರು. ಅವರ ಲಗಮವ್ವನ ಪದ ಸುತ್ತಲಿನ ಮೇಳಗಳಿಗೆಲ್ಲ ಗೊತ್ತು. ಕೃಷ್ಣೆ ತುಂಬಿ ಬಂದಾಗ ಲಗಮವ್ವ ನೀರು ಇಳಿಯಲೆಂದು ಕುರಿಗಳೊಂದಿಗೆ ಮೂರು ದಿನ ದಂಡೆಯಲ್ಲಿ ಕೂರುತ್ತಾಳೆ. ಒಂದೊಂದು ಕುರಿಯನ್ನೂ ಹೆಸರು ಹಿಡಿದು ಕರೆಯುತ್ತಾಳೆ. ತಡೆಯಲಾಗದ ಒಂದು ಮರಿ ಮಾತ್ರ ನೀರಿಗೆ ಇಳಿದು ಹೋಗುತ್ತದೆ. ಇಷ್ಟೇ ಕಥೆ. ಹಾಡಲು ನಾಲ್ಕು ತಾಸು ಬೇಕು.

ಸೋಮವಾರ ಗೇಮು ಕಳಿಸುವ ಕೊನೆಯ ದಿನ. ಅಪ್ಪನಿಗೆ ಗೇಮು ತೋರಿಸಿ, ಹಾಡು ರೆಕಾರ್ಡ್ ಮಾಡಿಕೊಂಡು ಸಹಿ ತರಲೆಂದು ಭಾನುವಾರ ನಾವಿಬ್ಬರೂ ಗಲಗಲಿಗೆ ಹೊರಟೆವು. ಲ್ಯಾಪ್‌ಟಾಪ್ ಎಂದರೆ ಸಂಜುವಿಗೆ ಅವಮಾನ, ಹಾಗಾಗಿ ಬಣ್ಣಬಣ್ಣದ ದೀಪ ಹತ್ತುವ ಅವನ ದೊಡ್ಡ ಕಂಪ್ಯೂಟರನ್ನೇ ಕಂಬಳಿಯಲ್ಲಿ ಸುತ್ತಿ ಬಸ್ಸಿಗೆ ಏರಿಸಿದ್ದಾಯಿತು.

"ಏನ್ರೀ ಅಕ್ಕಾರ ಇದು, ಮದವಿ ಲೈಟಿಂಗೇನು?" ಎಂದ ಕಂಡಕ್ಟರ್.

"ಗೇಮಿಂಗ್ ಪಿಸಿ ರೀ," ಎಂದ ಸಂಜು, ಎದೆ ಉಬ್ಬಿಸಿ.

"ಏನರ ಇರಲಿ, ಲಗೇಜ್ ಟಿಕೀಟ ತಗೋರಿ."

ಅಪ್ಪ ಪಡಸಾಲೆಯಲ್ಲಿ ಕೂತು ರಿಮೋಟಿನಂಥದ್ದನ್ನು ಎರಡೂ ಕೈಯಲ್ಲಿ ಹಿಡಿದರು. ಪರದೆಯ ಮೇಲೆ ಲಗಮವ್ವ ಬಂದಳು. ಸೊಂಟ ಸಣ್ಣ, ಕೈಯಲ್ಲಿ ಕತ್ತಿ. ಹಿಮದಲ್ಲಿ ನಡೆಯುವವನ ಬಾಯಿ ಬಿಡಿಸಿದವರನ್ನು ಬೈದವನು ಕುರಿ ಕಾಯುವವಳ ಕೈಗೆ ಕತ್ತಿ ಕೊಟ್ಟಿದ್ದ.

"ಮೊಸಳಿ ಬರತಾವ ಮುತ್ಯಾ, ಅದಕ," ಎಂದ ಸಂಜು ಮೆಲ್ಲಗೆ.

"ಇರಲಿ ಬಿಡಲೇ. ರೇಡಿಯೋದವರು ಇಪ್ಪತ್ತ ನಿಮಿಷದಾಗ ಮುಗಸ್ರಿ ಅಂದಾಗ ನಾ ಆಕಿ ಗಂಡನ್ನ ತಗದ ಬಿಟ್ಟಿದ್ದೆ. ಪದಾ ಅಂದ ಮ್ಯಾಲ ಹಿಂದ ಮುಂದ ಆಗತೈತಿ." ಅಪ್ಪ ಎರಡು ಮೊಸಳೆ ಕೊಂದು ಖುಷಿಯಾದರು. ಸಂಜು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಹೊಳೆ ಬಂತು. ನೀರು ಕೆಂಪಗೆ, ದಂಡೆ ಮೀರಿ ಹರಿಯುತ್ತಿತ್ತು. ಚೆನ್ನಾಗಿಯೇ ಮಾಡಿದ್ದ. ಅಪ್ಪ ರಿಮೋಟನ್ನು ಕೆಳಗಿಟ್ಟು ಎಲೆ-ಅಡಿಕೆ ಚೀಲ ಬಿಚ್ಚಿದರು.

"ಯಾಕ ಮುತ್ಯಾ?"

"ನೀರು ಭಾಳ ಐತಿ. ಇಳೀಲಿ."

ಪರದೆಯ ಮೇಲೆ 'ಮುಂದೆ ಸಾಗಿ' ಎಂದು ಮಿಣುಕುತ್ತಿತ್ತು. ಅಪ್ಪ ಎಲೆಗೆ ಸುಣ್ಣ ಹಚ್ಚಿದರು. 'ಬೇಗ! ಕುರಿಗಳು ಅಪಾಯದಲ್ಲಿವೆ' ಎಂದು ಬಂತು. ಅಪ್ಪ ನನ್ನ ಕಡೆ ತಿರುಗಿ, "ಕುರಿ ದಂಡಿ ಮ್ಯಾಲ ಅದಾವ, ಅವಕ್ಕೇನ ಅಪಾಯ?" ಎಂದು ಕೇಳಿದರು. ಐದು ನಿಮಿಷವಾಯಿತು. ಚಹಾ ಕುಡಿದದ್ದಾಯಿತು. ಲಗಮವ್ವ ಕತ್ತಿ ಹಿಡಿದು ನಿಂತಲ್ಲೇ ಉಸಿರಾಡುತ್ತಿದ್ದಳು.

"ಇದರಾಗ ನೀರು ಇಳಿಯಾಂಗಿಲ್ಲ ಮುತ್ಯಾ."

"ಅದ್ಯಾವ ಹೊಳಿನೋ ಇಳೀಲಾರದ್ದು?"

ಸಂಜು ತಾನೇ ರಿಮೋಟ್ ಎತ್ತಿಕೊಂಡು ಹಿಂಡನ್ನು ನೀರಿಗೆ ಹೊಡೆದ. ಅಪ್ಪನ ಕೈ ತಾನಾಗಿ ಮುಂದೆ ಹೋಯಿತು, ತಡೆಯುವವರ ಹಾಗೆ. ಒಂದು ಮರಿ ಕೊಚ್ಚಿಕೊಂಡು ಹೋಯಿತು. ಕೂಡಲೇ ದೊಡ್ಡ ಹಸಿರು ಅಕ್ಷರ ಬಂತು: 'ಜಾಹೀರಾತು ನೋಡಿ, ಮರಿಯನ್ನು ಮರಳಿ ಪಡೆಯಿರಿ.'

"ಏನಂತದು?"

"ಮೂವತ್ತ ಸೆಕೆಂಡ್ ಸೋಪಿನ ಜಾಹೀರಾತ ನೋಡಿದ್ರ ಮರಿ ತಿರಗಿ ಬರತೈತಿ." ಸಂಜು ಸ್ವಲ್ಪ ತಡೆದು, "ಕಂಪನಿಯವರ ನಿಯಮ," ಎಂದ.

ಅಪ್ಪ ಬಹಳ ಹೊತ್ತು ಅಗಿದರು. "ಆ ಮರಿ ಹೋತಂತ ಪದಾ ಹುಟ್ಟೇತಿ. ಸೋಪು ನೋಡಿದ್ರ ಬರೂದಾದ್ರ ಲಗಮವ್ವ ಅಳೂದ್ಯಾಕ, ನಾ ಹಾಡೂದ್ಯಾಕ?"

"ಜನಕ್ಕ ಬ್ಯಾಸರ ಆಗತೈತಿ ಮುತ್ಯಾ. ಎಂಟ ಸೆಕೆಂಡ್ ಸುಮ್ನ ಕುಂದ್ರಿಸಿದ್ರ ಗೇಮ್ ಅಳಿಸಿ ಒಗೀತಾರ."

"ಅಂಥವರ ಮುಂದ ನಾ ಯಾಕ ಹಾಡ್ಲಿ? ಕತ್ತಿ ಇರಲಿ, ಮೊಸಳಿ ಇರಲಿ. ನೀರು ಇಳಿಯೂ ಹಂಗ ಮಾಡು, ಹೋದ ಮರಿ ಹೋಗಲಿ. ಅವತ್ತ ಬಾ, ನಾಕ ತಾಸು ಹಾಡತೇನಿ." ಅಷ್ಟು ಹೇಳಿ ಎದ್ದು ಅಂಗಳಕ್ಕೆ ಹೋದರು.

ಮರಳುವ ಬಸ್ಸಿನಲ್ಲಿ ಸಂಜು ಕಂಪ್ಯೂಟರಿಗೆ ಮತ್ತೆ ಕಂಬಳಿ ಬಿಗಿದ. ಆಮೇಲೆ, "ಮುತ್ಯಾಗ ಗೇಮ್ ಅಂದ್ರ ಏನಂತ ಗೊತ್ತಿಲ್ಲ," ಎಂದ. ನಾನು ಕಿಟಕಿಯಾಚೆ ಕಬ್ಬು ನೋಡಿದೆ. ನನಗೆ ಐವತ್ತೆರಡು. ಮಂಡಿ ನೋಯುತ್ತದೆ. ನಾಳೆಗೆ ಅವನ ನೌಕರಿ ತಪ್ಪಿದರೆ ಇನ್ನೆರಡು ವರ್ಷ ಆ ಬಾಗಿಲಿನ ಭಾಷಣ ಕೇಳಬೇಕೆಂದು ಲೆಕ್ಕ ಹಾಕಿದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ನನ್ನ ಮೊಬೈಲನ್ನು ಅವನ ಮುಂದಿಟ್ಟೆ. ಹೋದ ವರ್ಷ ತಮ್ಮನ ಮಗುವಿನ ತೊಟ್ಟಿಲಿನ ದಿನ ಅಪ್ಪ ಲಗಮವ್ವನ ಪದ ಹಾಡಿದ್ದರು. ನಾನು ಮುಕ್ಕಾಲು ತಾಸು ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ. ಒಪ್ಪಿಗೆಯ ಕಾಗದದ ಮೇಲೆ 'ಅಮಸಿದ್ದಪ್ಪನವರ ಪರವಾಗಿ' ಎಂದು ಬರೆದು ಸಹಿಯನ್ನೂ ಹಾಕಿದೆ. ಕೌಂಟರಿನಲ್ಲಿ ಹೆಬ್ಬೆಟ್ಟು ಸ್ವಲ್ಪ ಮಸುಕಾದರೂ ಪಿಂಚಣಿಯ ಮುದುಕರನ್ನು ಹಿಂದಕ್ಕೆ ಕಳಿಸುವವಳು ನಾನು.

ಹಿಂದಿನ ತಿಂಗಳಷ್ಟೇ ಸಂಜು ತನ್ನ ಚಾನೆಲ್ಲಿನಲ್ಲಿ ಒಂದು ತಾಸು ಗುಡುಗಿದ್ದ: ಕಲಾವಿದರನ್ನು ಕೇಳದೆ ಅವರ ದನಿ ಕದಿಯುವ ಕಂಪನಿಗಳು ಉದ್ಧಾರವಾಗುವುದಿಲ್ಲ ಎಂದು. ಇವತ್ತೂ ಏನಾದರೂ ಅಂದಾನೆಂದು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತೆ. ಬೇಡ ಎಂದಿದ್ದರೆ ಆ ಒಪ್ಪಿಗೆಯ ಕಾಗದ ಹರಿಯಬಹುದಿತ್ತು. ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದ, ಮುಖ ಗಂಟಿಕ್ಕಿದ.

"ಹಿಂದ ಕೂಸು ಅಳೂದು ಕೇಳತೈತಿ," ಎಂದ. "ಅದನ್ನ ತಗೀಬೇಕು."

ಗೇಮು ಗೆದ್ದಿತು. ನೌಕರಿಯೂ ಆಯಿತು. ಈಗ ಸಂಜು ಪಡಸಾಲೆಯಲ್ಲಿ ಕೂತು, ಎಷ್ಟನೇ ಮರಿ ಮುಳುಗಿದಾಗ ಯಾವ ಜಾಹೀರಾತು ಬರಬೇಕೆಂದು ಹುಬ್ಬಳ್ಳಿಯವರೊಂದಿಗೆ ಫೋನಿನಲ್ಲಿ ಚರ್ಚಿಸುತ್ತಾನೆ. ಮೊದಲ ಪಗಾರದಲ್ಲಿ ನಳ ರಿಪೇರಿ ಮಾಡಿಸಿದ. ಹಾಡು ನಿಧಾನವಾಯಿತೆಂದು ಕಂಪನಿಯವರು ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದ್ದಾರೆ, ಡೊಳ್ಳು ತೆಗೆದು ಬೇರೆ ಬಡಿತ ಕೂಡಿಸಿದ್ದಾರೆ.

ಶ್ರಾವಣದಲ್ಲಿ ಕಣ್ಣು ತೋರಿಸಲೆಂದು ಅಪ್ಪ ಬನಹಟ್ಟಿಗೆ ಬಂದರು. ನಾವು ಮೂವರೂ ಹೊರಗೆ ಕೂತಿದ್ದೆವು. ಪಕ್ಕದ ಮನೆಯ ಅಂಜನಾ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಅದೇ ಗೇಮು ಆಡುತ್ತಿದ್ದಳು. ಹಾಡು ಬಂತು. ಅಪ್ಪ ತಲೆ ಎತ್ತಿದರು. ಸಂಜು ತನ್ನ ಕಾಲಿನ ಹೆಬ್ಬೆರಳು ನೋಡತೊಡಗಿದ.

"ಪದಾ ನಮ್ಮದ ಐತಿ," ಎಂದರು ಅಪ್ಪ. "ಹಾಡ್ಯಾನಲ್ಲ, ಅವ ಯಾರವ? ದನಿ ಎಳೇದೈತಿ."

"ಯಾರೋ ಹುಬ್ಬಳ್ಳಿ ಕಡಿಯಂವ ಅಂತಪಾ," ಎಂದೆ ನಾನು.

ಅಪ್ಪ ಕಣ್ಣು ಮುಚ್ಚಿ ಇನ್ನೂ ಸ್ವಲ್ಪ ಕೇಳಿದರು. ಅವರ ಬೆರಳು ತೊಡೆಯ ಮೇಲೆ ತಾಳ ಹಾಕಲು ಹೋಗಿ, ಸಿಗದೆ ನಿಂತಿತು.

"ಛಲೋ ಹಾಡತಾನ. ಆದ್ರ ಬಸ್ ತಪ್ಪೂದೈತಿ ಅನ್ನೂ ಹಂಗ ಓಡತಾನ ನೋಡು," ಎಂದರು. "ಸಂಜ್ಯಾ, ಅವನ್ನ ಒಮ್ಮಿ ಗಲಗಲಿಗೆ ಕರಕೊಂಡ ಬಾ. ಉಸಿರು ಎಲ್ಲಿ ಬಿಡಬೇಕಂತ ಹೇಳಿಕೊಡತೇನಿ."