ಬಲೂನಿನ ಪೊರೆ

ಬಲೂನಿಗೆ ಕಟ್ಟಿ ಹಾರಿಸಿದ ನಮ್ಮ ಯಂತ್ರದ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿದ ಕಡೆಗೆಲ್ಲ ನಮಗಿಂತ ಮೊದಲು ಐಲೀನ್ ಹಾಜರಿರುತ್ತಿದ್ದಳು. ಡಯಮಂಟಿನಾ ನದಿಯಾಚೆ, ದಿನವಿಡೀ ಗಾಡಿ ಓಡಿಸಿದರೂ ಬೇಲಿ ಮುಗಿಯದಂಥ ದನದ ಎಸ್ಟೇಟು ಅವಳದು. ನಾವು ಲಾರಿಯ ಟೈರು ಬದಲಿಸುತ್ತ, ನಕ್ಷೆ ಬರೆದವನನ್ನು ಬೈಯುತ್ತ ತಲುಪುವಷ್ಟರಲ್ಲಿ ಅವಳು ಫ್ಲಾಸ್ಕಿನ ಚಹಾ ಬಗ್ಗಿಸಿಟ್ಟು, ನಾಯಿಗೆ ಪೆಟ್ಟಿಗೆಯ ನೆರಳಿನಲ್ಲಿ ಜಾಗ ಮಾಡಿಕೊಟ್ಟಿರುತ್ತಿದ್ದಳು.

ಈ ಆತಿಥ್ಯಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ, ನಾನು ಈ ಕೆಲಸಕ್ಕೆ ಸೇರುವ ಮೊದಲು, ಅವಳ ಗಂಡ ನೆವಿಲ್ ದನ ಹುಡುಕಲೆಂದು ಪುಟ್ಟ ವಿಮಾನದಲ್ಲಿ ಒಬ್ಬನೇ ಹೊರಟವನು ಹಿಂದಿರುಗಲಿಲ್ಲ. ವಿಮಾನವೂ ಸಿಗಲಿಲ್ಲ. ಅಂದಿನಿಂದ ಆಕಾಶದಿಂದ ಏನೇ ಇಳಿದರೂ ಅವಳು ಬಂದು ವಿಚಾರಿಸಿಕೊಳ್ಳುತ್ತಿದ್ದಳು.

"ಏನಾದ್ರೂ ಕಾಣಿಸ್ತಾ?" ಎಂದಳು ಈ ಸಲವೂ.

"ಕಾಣಿಸ್ತಾ ಅಂದ್ರೆ!" ವಿಜ್ಞಾನಿ ಪೆಟ್ರಾ ಕುಣಿಯುವುದೊಂದು ಬಾಕಿ. ಅವಳ ಯಂತ್ರ ಮೂರು ದಿನ ಬಲೂನಿಗೆ ಜೋತುಬಿದ್ದು ಸೂರ್ಯನನ್ನೇ ದುರುಗುಟ್ಟಿ ನೋಡಿತ್ತು. "ನಿನ್ನೆ ಮಧ್ಯಾಹ್ನ ಸೂರ್ಯ ಸಿಡಿದ ನೋಡಿ ಐಲೀನ್, ಎಕ್ಸ್-ಕಿರಣಗಳ ಸುರಿಮಳೆ! ನೀವು ಕೆಳಗಿದ್ರಿ, ನಿಮಗೆ ಗೊತ್ತೇ ಆಗಿರಲ್ಲ. ಎಲ್ಲಾ ಗಾಳಿನೇ ನುಂಗಿಬಿಡುತ್ತೆ. ಅದಕ್ಕೇ ಯಂತ್ರನ ಅಷ್ಟು ಮೇಲೆ ಕಳಿಸೋದು."

"ನಾನು ಕೇಳಿದ್ದು ನೆಲದ ವಿಷಯ ಕಣಮ್ಮಾ. ಮೂರು ದಿನ ಸೂರ್ಯನ್ನ ನೋಡ್ತಲ್ಲ, ಒಂದ್ಸಲ ಬಗ್ಗಿ ಕೆಳಗೆ ನೋಡಿದ್ರೆ ಕತ್ತು ಉಳುಕ್ತಿತ್ತಾ?"

ಕೆಳಗೆ ನೋಡುವುದೂ ಒಂದಿತ್ತು. ಪೆಟ್ಟಿಗೆಯ ಅಡಿಗೆ ಒಂದು ಅಗ್ಗದ ಕ್ಯಾಮೆರಾ. ಪೆಟ್ರಾಳಿಗಲ್ಲ, ನಮ್ಮಂಥ ಹೆಕ್ಕುವವರಿಗೆ. ಹಗ್ಗ ಕತ್ತರಿಸಿದಾಗ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ, ಬಲೂನು ಹರಿದು ಬೇರೆಲ್ಲೋ ಬೀಳುತ್ತದೆ. ಆ ಹರಕು ಪ್ಲಾಸ್ಟಿಕ್ಕನ್ನು ನಾವು ಪೊರೆ ಎನ್ನುತ್ತೇವೆ. ಪೆಟ್ಟಿಗೆ ತರಲು ಎಲ್ಲರೂ ಬರುತ್ತಾರೆ. ಪೊರೆ ತರುವುದು ಯಾವಾಗಲೂ ಮುಂದಿನ ವರ್ಷ.

ಲಾರಿಯ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆ ಕ್ಯಾಮೆರಾದ ಚಿತ್ರಗಳನ್ನು ತೋರಿಸಿದೆ. ಕೆಂಪು ಮರಳುದಿಬ್ಬಗಳ ನಡುವೆ ಎರಡು ಬಿಳಿ ಮಚ್ಚೆ.

"ಎಡಗಡೇದು ಈ ಸಲದ್ದು," ಎಂದ ನಮ್ಮ ಮುಖ್ಯಸ್ಥ ಡೆಸ್ಮಂಡ್. "ಬಲಗಡೇದೂ ನಮ್ಮದೇ. ಹಳೇದು. ನೆವಿಲ್ ಹೋದ ವಾರ ಬಿದ್ದಿದ್ದು."

"ಗೊತ್ತು. ಹುಡುಕೋ ವಿಮಾನದೋರು ಅಲ್ಲೇನೋ ಬೆಳ್ಳಗೆ ಕಾಣುತ್ತೆ ಅಂದಾಗ, ಅದು ನಮ್ಮ ಪ್ಲಾಸ್ಟಿಕ್ಕು ಬಿಟ್ಹಾಕಿ ಅಂದೋನು ನೀನೇ ಅಲ್ವಾ?" ಆ ಮಾತಿನಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಅವಳು ಪರದೆಗೆ ಇನ್ನಷ್ಟು ಬಗ್ಗಿದಳು. "ಬಿದ್ದ ಪೊರೆಗೆ ನಾಲ್ಕು ಮೂಲೆ ಇರುತ್ತಾ ಡೆಸ್?"

ಎಡಗಡೆಯದು ಚೆಲ್ಲಿದ ಹಾಲಿನಂತೆ ಅಡ್ಡಾದಿಡ್ಡಿ ಹರಡಿತ್ತು. ಬಲಗಡೆಯದು ಯಾರೋ ಹಾಸಿದ ಜಮಖಾನದಂತೆ ಚೌಕವಾಗಿತ್ತು. ಡೆಸ್ಮಂಡ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆಗಲೂ ಅದು ಚೌಕವಾಗಿಯೇ ಇತ್ತು.

ಚಹಾ ಹಾಗೇ ಉಳಿಯಿತು. ನಡುಮಧ್ಯಾಹ್ನಕ್ಕೆ ನಾವು ಅಲ್ಲಿದ್ದೆವು.

ಮೂಗು ಮುರಿದ ವಿಮಾನ. ಅದರ ರೆಕ್ಕೆಯ ಮೇಲಿಂದ ನೆಲದವರೆಗೆ ಮಡಿಕೆ ಮಡಿಕೆಯಾಗಿ ಹೊದಿಸಿದ ಪೊರೆ. ಮೇಲಿನ ಪದರ ಮುಟ್ಟಿದರೆ ಹಪ್ಪಳದಂತೆ ಪುಡಿಯಾಯಿತು. ಒಳಗಿನವು ಇನ್ನೂ ಗಟ್ಟಿಯಿದ್ದವು. ಅಂಚಿನುದ್ದಕ್ಕೂ ಕಲ್ಲು ಹೇರಿತ್ತು. ಬಿಸಿಲು ತಾಳದೆ ನೆವಿಲ್ ಕೈಗೆ ಸಿಕ್ಕಿದ್ದರಲ್ಲಿ ನೆರಳು ಕಟ್ಟಿಕೊಂಡಿದ್ದ. ಆ ನೆರಳೇ ಅವನನ್ನೂ ವಿಮಾನವನ್ನೂ ಮುಚ್ಚಿಹಾಕಿತ್ತು. ಒಳಗೆ ಇಣುಕಿದವಳು ಐಲೀನ್ ಒಬ್ಬಳೇ. ಬೂಟುಗಳನ್ನು ಗುರುತಿಸಿದಳು.

ಡೆಸ್ಮಂಡ್ ಟೋಪಿ ತೆಗೆದ. ನಾಲ್ಕು ವರ್ಷದ ಹಿಂದಿನ ಶೋಕಸಭೆಯಲ್ಲಿ ಪಾದ್ರಿಯಿಂದ ಹಿಡಿದು ಎಲ್ಲರೂ ಆಡಿದರೆಂದು ನಾನು ಕೇಳಿದ್ದ ಮಾತೇ ಅವನ ಬಾಯಿಗೂ ಬಂತು: "ಅವನಿಗೆ ಏನೂ ಗೊತ್ತಾಗಿರಲ್ಲ ಐಲೀನ್. ಒಂದು ಕ್ಷಣದಲ್ಲಿ..."

"ಕಲ್ಲು ಆರಿಸಿದಾನೆ ಡೆಸ್. ಚಪ್ಪಟೆದನ್ನೇ ನೋಡಿ ನೋಡಿ ತಂದಿದಾನೆ."

ಪೆಟ್ರಾ ಸ್ಯಾಟಲೈಟ್ ಫೋನಿನಲ್ಲಿ ಪೊಲೀಸರಿಗೆ ತಿಳಿಸಿದಳು. ಸುತ್ತ ಇದ್ದ ನೆರಳು ಅದೊಂದೇ. ನಾವು ಬಿಸಿಲಿನಲ್ಲೇ ಕುಳಿತೆವು. ಐಲೀನ್ ಡೆಸ್ಮಂಡ್‌ನ ಕಡೆ ತಿರುಗಿದಳು.

"ಹುಡುಕೋರು ಬರೋ ಹೊತ್ತಿಗೆ ಅವನಿಗೆ ಎದ್ದು ಹೊರಗೆ ಬರೋ ಶಕ್ತಿ ಇದ್ದಿರಲ್ಲ, ಬಿಡು. ಆದ್ರೆ ಅವರ ವಿಮಾನದ ಸದ್ದು ಕೇಳಿಸಿರುತ್ತಾ?"

"ಇಲ್ಲ," ಎಂದ ಡೆಸ್ಮಂಡ್, ಪ್ರಶ್ನೆ ಮುಗಿಯುವ ಮುಂಚೆಯೇ. "ಗಾಳಿಗೆ ಪ್ಲಾಸ್ಟಿಕ್ಕು ಪಟಪಟ ಬಡ್ಕೊತಾನೇ ಇರುತ್ತೆ. ಒಳಗಿದ್ದೋರಿಗೆ ಏನೂ ಕೇಳಿಸಲ್ಲ."

ಅವಳು ಎದ್ದು, ಬಗ್ಗಿ ಪೊರೆಯ ಒಳಗೆ ಹೋಗಿ ಕುಳಿತಳು. ಗಾಳಿ ಬೀಸುತ್ತಲೇ ಇತ್ತು. ಪ್ಲಾಸ್ಟಿಕ್ಕು ಬಡಿದುಕೊಳ್ಳುತ್ತಲೇ ಇತ್ತು. ಪೊಲೀಸರ ವಿಮಾನ ಹೊರಗಿದ್ದ ನಮ್ಮ ಕಣ್ಣಿಗೆ ಬೀಳುವುದಕ್ಕೆ ಬಹಳ ಮೊದಲೇ ಒಳಗಿನಿಂದ ಅವಳ ದನಿ ಬಂತು:

"ಬರ್ತಿದೆ."